ಅಪ್ಪನ ಕೇಸು

ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ ವಂಚನೆಯ ಆರೋಪದ ಮೇಲೆ ಜೈಲು ಸೇರಿದಾಗ ಚಿನ್ಮಯಿ ಆಗಷ್ಟೇ ಪಿಯುಸಿ ಮುಗಿಸಿದ್ದಳು. ಜಾಮೀನಿಗೆ ನಿಲ್ಲಲು ನೆಂಟರು ಯಾರೂ ಬರಲಿಲ್ಲ. ಮೋಸ ಮಾಡಿದವರು ಸಂಘದ ಅಧ್ಯಕ್ಷರು ಎಂದು ಅಪ್ಪ ಹೇಳಿದ್ದನ್ನು ಅವಳೊಬ್ಬಳೇ ನಂಬಿದಳು. ಅಪ್ಪನನ್ನು ಬಿಡಿಸಲು ಲೆಕ್ಕವೂ ತಿಳಿದಿರಬೇಕು, ಕಾನೂನೂ ತಿಳಿದಿರಬೇಕು ಎಂದು ಐದು ವರ್ಷದ ಬಿ.ಕಾಂ. ಎಲ್‌ಎಲ್‌ಬಿಗೆ ಸೇರಿದಳು. ಗೆಳತಿಯರು ಸಿನಿಮಾಕ್ಕೆ ಹೊರಟಾಗ ಅವಳು ಲೈಬ್ರರಿಯಲ್ಲಿ ಕುಳಿತು ಹಳೆಯ ತೀರ್ಪುಗಳನ್ನು ಓದುತ್ತಿದ್ದಳು. ಅಪ್ಪನ ವಿಚಾರಣೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು.

ಕೊನೆಯ ವರ್ಷದ ಫಲಿತಾಂಶ ಬಂದ ಮರುದಿನವೇ ಜೈಲಿಗೆ ಓಡಿದಳು. ಜಾಲರಿಯ ಆಚೆ ನಿಂತಿದ್ದ ಅಪ್ಪ ಇನ್ನಷ್ಟು ಸೊರಗಿದ್ದರು.

“ಪಾಸಾದೆ ಅಪ್ಪ! ಇನ್ನು ವಕೀಲಳಾಗಿ ಹೆಸರು ನೋಂದಾಯಿಸಿದ್ರೆ ಆಯ್ತು, ನಿಮ್ಮ ಕೇಸು ನಂದೇ. ಅಧ್ಯಕ್ಷರು ಲೆಕ್ಕ ಹೆಂಗೆ ತಿರುಚಿದ್ರು ಅಂತ ಈಗ ನಾನು ತೋರಿಸಬಲ್ಲೆ.”

ಅಪ್ಪ ತಲೆ ತಗ್ಗಿಸಿದರು.

“ಕೇಸು ಮುಗೀತು ಮಗಳೇ. ನಿನ್ನೆ ಕೋರ್ಟಲ್ಲಿ ತಪ್ಪು ಒಪ್ಕೊಂಡ್ಬಿಟ್ಟೆ.”

“ನೀವು ಏನೂ ಮಾಡೇ ಇಲ್ವಲ್ಲಪ್ಪ!”

“ಇಲ್ಲ. ಆದ್ರೆ ಒಪ್ಕೊಂಡ್ರೆ, ಇಷ್ಟು ವರ್ಷ ಒಳಗಿದ್ದಿದ್ದನ್ನೇ ಶಿಕ್ಷೆ ಅಂತ ಲೆಕ್ಕ ಹಿಡಿದು ಬಿಟ್ಬಿಡ್ತಾರೆ.”

“ಇಷ್ಟು ವರ್ಷ ಕಾದೋರಿಗೆ ಇನ್ನು ಸ್ವಲ್ಪ ದಿನ ಕಾಯೋಕಾಗ್ಲಿಲ್ವಾ?”

ಅಪ್ಪ ಜಾಲರಿಯೊಳಗೆ ಬೆರಳು ತೂರಿಸಿದರು.

“ನೀನು ಕರಿ ಕೋಟು ಹಾಕ್ಕೊಳ್ಳೋ ದಿನ ನಾನೂ ಅಲ್ಲಿರ್ಬೇಕು ಅನ್ನಿಸ್ತು ಕಣಮ್ಮ.”