ಕಲ್ಲುಗುಡ್ಡೆಯ ಮುಂದೆ ಬರಿದಲೆ

ಗಾಳಿ ನಿಂತಿತು. ಇಶ್‌ಬೆಲ್ ಕಾಯುತ್ತಿದ್ದುದೂ ಅದಕ್ಕೇ. ಸರೋವರದ ದಂಡೆಯ ಜರೀಗಿಡಗಳಿಂದ ಕಚ್ಚುವ ನುಸಿ ಹೊಗೆಯಂತೆ ಎದ್ದಿತು. ಹೊಸಬರಿಗೆಂದೇ ಅವಳು ನಡೆಸುವ ಸುಲಭ ನಡಿಗೆಗೆ ಬಂದವರೆಲ್ಲ ಮುಖಕ್ಕೆ ಬಲೆ ಎಳೆದುಕೊಂಡರು.

"ನೀವು ಬಲೆ, ಟೋಪಿ ಎರಡೂ ತೆಗೀರಿ ಸಾಹೇಬ್ರೇ," ಎಂದಳು, ಅತಿಥಿಗಳನ್ನು ಕರೆತಂದಿದ್ದ ಎಸ್ಟೇಟಿನ ಹೊಸ ಒಡೆಯ ರೂಪರ್ಟನಿಗೆ. "ಹೆಣ ಹೊತ್ತೋರು ಇಳಿಸಿ ದಣಿವಾರಿಸ್ಕೊಳ್ಳೋ ಕಲ್ಲುಗುಡ್ಡೆ ಇದು. ಜಮೀನಿನ ಒಡೆಯ ಬರಿದಲೇಲಿ ನಿಂತು ಸತ್ತೋರ ಹೆಸರು ಕೇಳಬೇಕು. ನಮ್ಮ ಪದ್ಧತಿ."

ಅತಿಥಿಗಳು ನೋಡುತ್ತಿದ್ದರು, ತೆಗೆಯದೆ ವಿಧಿಯಿರಲಿಲ್ಲ. ನುಸಿ ಅವನ ಬೋಳು ನೆತ್ತಿ, ಕಿವಿ, ರೆಪ್ಪೆಗಳಿಗೆ ಮುತ್ತಿತು. ಇಶ್‌ಬೆಲ್ ಒಂದೊಂದೇ ಹೆಸರನ್ನು ಸಾವಕಾಶವಾಗಿ ಹೇಳತೊಡಗಿದಳು.

"ಇನ್ನೂ ಇದೆಯೇನಮ್ಮಾ?" ಅವನು ಕೆನ್ನೆ ಪರಚಿಕೊಂಡ.

"ಒಂದೇ. ಮರ್ಡೋ, ನಮ್ಮಪ್ಪ. ಹೋದ ವರ್ಷ ನೀವು ಈ ದಾರಿಯ ಗೇಟಿಗೆ ಬೀಗ ಜಡಿದಿದ್ರಲ್ಲ, ಅವನ ಹೆಣದ ಪೆಟ್ಟಿಗೆ ಹೊತ್ತೋರು ಅಲ್ಲಿಂದ್ಲೇ ವಾಪಸ್ ಹೋದ್ರು. ಇಲ್ಲಿ ಇಳಿಸೋಕೆ ಆಗ್ಲೇ ಇಲ್ಲ."

ರೂಪರ್ಟ್ ಟೋಪಿ ಎತ್ತಿಕೊಂಡ.

"ತಡೀರಿ," ಎಂದಳು ಇಶ್‌ಬೆಲ್. "ಅಪ್ಪನ ಹೆಸರು ಹೇಳುವಾಗ ನೀವು ಪರಚ್ಕೊಳ್ತಿದ್ರಿ. ಮೊದಲಿಂದ ಹೇಳ್ತೀನಿ."