ಮೇಲಿನಿಂದ ನೋಡಿದರೆ ಹಿಮದ ಹೂವು

ಹೆಂಡತಿ ಸಿಗ್ನೆಯನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಕಾರನ್ನು ಪಾರ್ಕಿಂಗಿನ ನಾಲ್ಕನೇ ಅಂತಸ್ತಿನಲ್ಲಿ ತುರುಕಿ ಆರ್ವಿಡ್ ಓಡಿಬರುವಷ್ಟರಲ್ಲಿ ಅವಳನ್ನು ಒಳಗೆ ಕರೆದೊಯ್ದಾಗಿತ್ತು. ಒಂಬತ್ತಕ್ಕೆ ಹೃದಯದ ಆಪರೇಷನ್. "ನೀನು ಬಂದು ಕೈ ಹಿಡಿಯೋ ತನಕ ನಾನು ಆಪರೇಷನ್ ಕೋಣೆಗೆ ಹೋಗಲ್ಲ, ನೋಡು" ಎಂದು ಕಾರಿನಲ್ಲೇ ತಾಕೀತು ಮಾಡಿದ್ದಳು. ಐವತ್ತು ವರ್ಷ ಜೊತೆಗೆ ಬಾಳಿದವಳು ಎದ್ದು ಬರುತ್ತಾಳೋ ಇಲ್ಲವೋ ಎಂಬುದೇ ಅವನ ಚಿಂತೆ. ಗಂಟೆ ಎಂಟೂ ಮೂವತ್ತೈದು.

"ಎದುರಿನ ಬಾಗಿಲು ದಾಟಿ, ಕೆಂಪು ಬಾಣ ಹಿಡಿದು..." ಎನ್ನುತ್ತ ಸ್ವಾಗತದ ಮೇಜಿನ ಮರ್ನಾ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಬಾಣಗಳನ್ನೆಲ್ಲ ಬೆಳಿಗ್ಗೆ ಕೀಳಿಸಿಬಿಟ್ರಲ್ಲ!"

ಕೀಳಿಸಿದ ಮಹಾಶಯ ಅಲ್ಲೇ ನಿಂತಿದ್ದ. ಡಲೂತ್ ಊರಿಗೇ ದೊಡ್ಡದೆನಿಸಿದ ಈ ಹೊಸ ಕಟ್ಟಡದ ಆರ್ಕಿಟೆಕ್ಟ್, ಗ್ರೇಡನ್ ವಿಟ್ಲಾಕ್. ಯಾವುದೋ ಪ್ರಶಸ್ತಿಗೆ ಫೋಟೊ ತೆಗೆಸಲು ಬಂದಿದ್ದ. ದಾರಿ ತಪ್ಪುವವರ ಗೋಳು ನೋಡಲಾರದೆ ನರ್ಸುಗಳು ಗೋಡೆಗೆ ಅಂಟಿಸಿದ್ದ ಕಾಗದದ ಬಾಣಗಳು ಅವನ ಕಣ್ಣಿಗೆ ಕಸ.

"ಬಾಣ ಯಾಕ್ರೀ? ಕಟ್ಟಡವೇ ದಾರಿ ಹೇಳುತ್ತೆ," ಎಂದು ಕಟ್ಟಡದ ನಕ್ಷೆ ತೆರೆದ ಟ್ಯಾಬ್ಲೆಟ್ಟನ್ನು ಆರ್ವಿಡ್‌ನ ಮೂಗಿಗೆ ಹಿಡಿದ. "ಮೇಲಿನಿಂದ ನೋಡಿ ಯಜಮಾನ್ರೇ, ಹಿಮದ ಹೂವು! ಆರು ಎಸಳು. ಒಂದನ್ನ ಕಂಪ್ಯೂಟರಿನಲ್ಲಿ ಬರೆದೆ, ಉಳಿದ ಐದೂ ಒಂದು ಗುಂಡಿ ಒತ್ತಿದ್ದಕ್ಕೆ ತಾವೇ ಮೂಡಿದ್ವು."

"ನಾನು ಮೇಲಿನಿಂದ ಬರ್ಲಿಲ್ಲಪ್ಪ, ಬಾಗಿಲಿಂದ ಬಂದೆ. ನನ್ನ ಹೆಂಡ್ತಿ ಎಲ್ಲಿ?"

"ಬನ್ನಿ, ನಾನೇ ಬಿಡ್ತೀನಿ. ಎರಡು ನಿಮಿಷ."

ಮರ್ನಾ ಏನೋ ಹೇಳಲು ಬಾಯಿ ತೆರೆದಳು. ವಿಟ್ಲಾಕ್ ಕೇಳಿಸಿಕೊಳ್ಳುವ ಜಾತಿಯವನಲ್ಲ.

ಬಿಳಿ ಗೋಡೆ, ಬೂದು ಬಾಗಿಲು, ತಿರುವು. ಮತ್ತೆ ಬಿಳಿ ಗೋಡೆ, ಬೂದು ಬಾಗಿಲು, ತಿರುವು. ಯಾವ ಎಸಳಿಗೆ ಹೊಕ್ಕರೂ ಅದೇ ಕಿಟಕಿ, ಅದೇ ಕುರ್ಚಿ. ಬಟ್ಟೆ ಒಗೆಯುವ ಕೋಣೆ ಮೂರನೇ ಸಲ ಎದುರಾದಾಗ ವಿಟ್ಲಾಕ್ ಟ್ಯಾಬ್ಲೆಟ್ಟನ್ನು ತಲೆಕೆಳಗು ಮಾಡಿ ನೋಡಿದ. ಆಮೇಲೆ ಅದನ್ನು ಹಾಗೇ ಹಿಡಿದು ತಾನೇ ಒಂದು ಸುತ್ತು ತಿರುಗಿದ. ಎಂಟೂ ಐವತ್ತೆರಡು.

"ಇಲ್ಲಿ ಮುಂಚೆ ಓಡಾಡಿದ್ದೀಯೇನಪ್ಪ?"

"ಸಾವಿರ ಸಲ!"

"ಕಾಲಲ್ಲಿ?"

ವಿಟ್ಲಾಕ್‌ನ ಕಿವಿ ಕೆಂಪಾಯಿತು. "ಕಂಪ್ಯೂಟರಿನಲ್ಲಿ... ಕಟ್ಟಡ ಕಣ್ಣೆದುರೇ ಕಾಣಿಸೋ ಆ ದೊಡ್ಡ ಕನ್ನಡಕ ಹಾಕ್ಕೊಂಡು. ಯಾವ ಕೋಣೆ ಬೇಕೋ ಅದಕ್ಕೆ ಬೆರಳು ತೋರ್ಸಿದ್ರೆ ಆಯ್ತು, ಅಲ್ಲೇ ಇರ್ತೀವಿ. ನಡುವಿನ ಓಡಾಟದ ರಗಳೆನೇ ಇರಲ್ಲ."

"ನಿನ್ನ ಬುದ್ಧಿಗೆ ಬೆಂಕಿ ಹಾಕ! ಆ ರಗಳೇಲೇ ತಾನೇ ನಾವೆಲ್ಲ ಸಾಯ್ತಿರೋದು!" ಎಂದು ಆರ್ವಿಡ್ ಕಿರುಚಿದ. ಅವನಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಸಿಕ್ಕ ಸಿಕ್ಕ ಬಾಗಿಲು ತಳ್ಳಿ ಹೆಂಡತಿಯ ಹೆಸರು ಕೂಗುತ್ತ ಓಡಿದ.

ಕೊನೆಗೆ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಇಬ್ಬರನ್ನೂ ಆಪರೇಷನ್ ವಾರ್ಡಿಗೆ ಕರೆದೊಯ್ದು ಮುಟ್ಟಿಸಿದಳು. ಅಲ್ಲಿ ಸಿಗ್ನೆಯ ಮಂಚವಿರಲಿಲ್ಲ. ಗಂಟೆ ಒಂಬತ್ತು ದಾಟಿ ಏಳು ನಿಮಿಷವಾಗಿತ್ತು.

"ಈಗಷ್ಟೇ ಕರ್ಕೊಂಡು ಹೋದ್ರು," ಎಂದಳು ನರ್ಸ್. "ನಿಮ್ಮ ಹೆಂಡ್ತಿ ನೀವು ಬಂದ್ರಾ ಅಂತ ಎರಡು ಸಲ ಕೇಳಿದ್ರು. ಬಾಗಿಲಿನ ಚೌಕಟ್ಟು ಹಿಡ್ಕೊಂಡು ಬಿಡ್ಲೇ ಇಲ್ಲ. ಬೆರಳು ನಾವೇ ಬಿಡಿಸ್ಬೇಕಾಯ್ತು."

ಆರ್ವಿಡ್ ಕುರ್ಚಿಗೆ ಕುಸಿದ. ವಿಟ್ಲಾಕ್ "ನಕ್ಷೇಲಿ ಹತ್ತಿರಾನೇ ಇತ್ತು..." ಎಂದು ಗೊಣಗಿ ಮೆಲ್ಲಗೆ ಜಾರಿಕೊಳ್ಳಲು ಹೊರಟ. ಬಾಗಿಲಲ್ಲಿ ನಿಂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ವಾಪಸು ಬಂದು ನರ್ಸಿನ ಕಿವಿಯಲ್ಲಿ ಪಿಸುಗುಟ್ಟಿದ: "ಹೊರಗೆ ಹೋಗೋದು ಯಾವ ಕಡೆ?"

"ಹೇಳ್ಬೇಡಮ್ಮ," ಎಂದ ಆರ್ವಿಡ್, ಪಕ್ಕದ ಕುರ್ಚಿಯನ್ನು ಕಾಲಿನಿಂದ ಎಳೆದು. "ಕೂತಿರ್ಲಿ ಇಲ್ಲೇ. ಅವಳು ಕಣ್ಣು ಬಿಟ್ರೆ, ಯಾಕೆ ಬರ್ಲಿಲ್ಲ ಅಂತ ಕೇಳ್ತಾಳೆ. ಇವನೇ ಹೇಳ್ಲಿ."