ಒತ್ತದ ಉಂಗುರ

ಒತ್ತಿಬಿಡಲೇ? ಉಂಗುರವನ್ನು ಒಮ್ಮೆ ಒತ್ತಿದರೆ ಸಾಕು, ಈ ಆಯಾಸವೆಲ್ಲ ಮನೆಯಲ್ಲಿರುವ ಅಕ್ಕನ ಮೈಗೆ ಹೋಗುತ್ತದೆ. ಎಲ್ಲರ ಮನೆಯಲ್ಲೂ ದಣಿವು ಹೊರಲು ಒಬ್ಬರಿರುತ್ತಾರೆ. ತನ್ನ ದಣಿವನ್ನು ತಾನೇ ಹೊತ್ತು ಮಧುಗಿರಿ ಬೆಟ್ಟ ಹತ್ತುತ್ತೇನೆಂದು ಪಾಲಾಕ್ಷ ಪ್ರತಿ ಭಾನುವಾರ ಹೊರಡುತ್ತಿದ್ದ. ಅರ್ಧಕ್ಕೆ ಸೋತು ಒತ್ತುತ್ತಿದ್ದ. ಅಕ್ಕ ಸಂಜೆಯವರೆಗೆ ಹಾಸಿಗೆ ಬಿಟ್ಟೇಳುತ್ತಿರಲಿಲ್ಲ.

ಇಂದು ಉಂಗುರ ಒತ್ತಲು ಕೈ ಬಿಡುವಾಗದಂತೆ, ಎರಡೂ ಕೈಯಲ್ಲಿ ದಾರಿಯ ಪಕ್ಕದ ಕಂಬಿ ಹಿಡಿದು ಹತ್ತಿದ, ಕೊನೆಯವರೆಗೂ ಬಿಡಲಿಲ್ಲ. ತುದಿಯಲ್ಲಿ ಕುಸಿದು ಕೂತು, ತೊಡೆಗಳು ನಡುಗುತ್ತಿರುವಾಗಲೇ ಫೋನ್ ಮಾಡಿದ.

"ಇವತ್ತು ಹತ್ತಲಿಲ್ವೇನೋ? ನನ್ ಮೈಗೇನೂ ಬರಲಿಲ್ಲ," ಎಂದಳು ಅಕ್ಕ. "ಸೋಮಾರಿ. ರೊಟ್ಟಿ ತಟ್ತಿದೀನಿ, ಬಿಸಿಯಾಗಿರುವಾಗ್ಲೇ ಬಾ."

ಈ ಭಾನುವಾರ ಅಕ್ಕ ಹಾಸಿಗೆಯಲ್ಲಿರಲಿಲ್ಲ, ಒಲೆಯ ಮುಂದೆ ನಿಂತಿದ್ದಳು. ಪಾಲಾಕ್ಷನ ಎದೆ ಹಗುರವಾಯಿತು.

"ಬಂದೆ ಕಣಕ್ಕ," ಎಂದ.

ತಾನು ಬೆಟ್ಟದ ತುದಿಯಲ್ಲಿದ್ದೆನೆಂದು ಅವನು ಎಂದೂ ಹೇಳಲಿಲ್ಲ.